ಮೊಲದ ಹೊಟ್ಟೆಯ ಮೂರು ಪದರ

ಹಿಂಜವಾಡಿಯ ಸಂಶೋಧನಾಲಯವೊಂದರಲ್ಲಿ ಪ್ರಾಣಿವೈದ್ಯೆಯಾಗಿದ್ದ ತ್ರಿವೇಣಿಗೆ ಆಪರೇಷನ್ನಿಗಿಂತ ಅದರ ನಂತರದ ಹೊತ್ತೇ ಕಷ್ಟದ್ದು. ಹೊಟ್ಟೆ ಕೊಯ್ದು ಹೊಲಿದ ಮೊಲ ನರಳುವುದಿಲ್ಲ, ಕೂಗುವುದಿಲ್ಲ. ಬೆನ್ನು ಗೂನು ಮಾಡಿ, ಕಣ್ಣು ಅರೆಮುಚ್ಚಿ, ಪಂಜರದ ಮೂಲೆ ಹಿಡಿದು ಕೂತುಬಿಡುತ್ತದೆ. ನೋವಿನ ಇಂಜೆಕ್ಷನ್ ಕೊಟ್ಟರೂ ಅಷ್ಟಕ್ಕಷ್ಟೇ. ಇಟ್ಟ ಹುಲ್ಲು ಇಟ್ಟ ಹಾಗೇ ಇರುತ್ತದೆ. ತಿನ್ನದ ಮೊಲದ ಕರುಳು ನಿಂತುಹೋಗುತ್ತದೆ. ಹಾಗೆ ಸತ್ತ ಮೊಲಗಳನ್ನು ಅವಳು ಕೈಯಾರೆ ಎತ್ತಿದ್ದಳು.

ಈ ಸಲ ಅರಿವಳಿಕೆಗೆ ಪ್ರಜ್ವಲ ಬಂದಿದ್ದ. ಅದೇ ಊರಿನ ಕೋಥರೂಡದಲ್ಲಿ ಹೋಟೆಲ್ ನಡೆಸುವ ಉಡುಪಿ ಕಡೆಯವರ ಮಗ. ಅವನೂ ಪ್ರಾಣಿವೈದ್ಯನೇ, ಕೆಲಸಕ್ಕೆ ಹೊಸಬ. ಮೊಲಕ್ಕೆ ಪೂರ್ತಿ ಎಚ್ಚರ ತಪ್ಪಿಸಿದ ಮೇಲೆ, ಕೂದಲು ಬೋಳಿಸಿದ ಹೊಟ್ಟೆಗೆ ಜೆಲ್ ಸವರಿ ಸ್ಕ್ಯಾನಿಂಗ್ ಯಂತ್ರದ ಪುಟ್ಟ ಹಿಡಿಯನ್ನು ಪಕ್ಕೆಲುಬಿನ ಕೆಳಗೆ ಇಟ್ಟ.

“ಮೇಡಂ, ಮೂರು ಪದರ ಕಾಣ್ತದಾ?”

ಪರದೆಯ ಮೇಲೆ ಒಂದರ ಕೆಳಗೊಂದು ಬೂದು ಪಟ್ಟಿಗಳು. ಹೊಟ್ಟೆಯ ಸ್ನಾಯುಗಳು. ಅವುಗಳ ಅಡಿಯಲ್ಲಿ ಕರುಳು ತನ್ನ ಪಾಡಿಗೆ ಮೆಲ್ಲಗೆ ಹೊರಳುತ್ತಿತ್ತು.

“ಎರಡನೇದರ ಮತ್ತು ಮೂರನೇದರ ಮಧ್ಯೆ ನರಗಳುಂಟು. ನರ ಮರಗಟ್ಟಿಸುವ ಔಷಧಿ ಅಲ್ಲೇ ಬೀಳಬೇಕು. ಚೂರು ಕೆಳಗೆ ಹೋದರೆ ಕರುಳು.”

“ನಡುವ ಜಾಗಾನ ಇಲ್ಲಲ್ರೀ?”

“ಇಲ್ಲ. ಔಷಧಿ ಹೋಗಿ ಮಾಡಿಕೊಳ್ತದೆ.”

ಸೂಜಿ ಪರದೆಯ ಅಂಚಿನಿಂದ ಬಿಳಿ ಗೆರೆಯಾಗಿ ಇಳಿಯಿತು. ಪ್ರಜ್ವಲ ಸಿರಿಂಜನ್ನು ಮೆತ್ತಗೆ ಒತ್ತಿದ. ಒಂದಕ್ಕೊಂದು ಅಂಟಿಕೊಂಡಿದ್ದ ಪದರಗಳು ಬಿಟ್ಟುಕೊಂಡವು. ಮಧ್ಯೆ ಕಪ್ಪಾದೊಂದು ಸೀಳು ಕಣ್ಣು ತೆರೆದ ಹಾಗೆ ಅಗಲವಾಗುತ್ತ ಹೋಯಿತು. ತ್ರಿವೇಣಿ ಪರದೆಯತ್ತ ಇನ್ನಷ್ಟು ಬಗ್ಗಿದಳು. ಇದೇ ಪದರಗಳನ್ನು ಅವಳು ಎಷ್ಟೋ ವರ್ಷಗಳಿಂದ ಕತ್ತರಿಸಿ, ಹೊಲಿದು ಕೈ ತೊಳೆದುಕೊಂಡಿದ್ದಳು. ಅಲ್ಲೊಂದು ಬಾಗಿಲಿದೆ ಎಂದು ಒಂದು ದಿನವೂ ಹೊಳೆದಿರಲಿಲ್ಲ.

“ಇನ್ನೊಂದು ಬದಿ ನೀವು ಹಾಕಿ,” ಎಂದ ಪ್ರಜ್ವಲ.

“ನಾನ? ಬ್ಯಾಡ್ರಿ, ಕರುಳಿಗೆ ಚುಚ್ಚೀನಿ.”

“ಸೂಜಿಯ ತುದಿ ಕಾಣದಿದ್ದರೆ ಕೈ ನಿಲ್ಲಿಸಿ. ಅಷ್ಟೇ.”

ಅವಳು ಸಿರಿಂಜು ಕೈಗೆ ತೆಗೆದುಕೊಂಡಳು. ತುದಿ ಒಮ್ಮೆ ಮರೆಯಾಯಿತು, ನಿಂತಳು. ಮತ್ತೆ ಕಂಡಾಗ ಕೂದಲೆಳೆಯಷ್ಟು ಮುಂದೆ ತಳ್ಳಿ ಒತ್ತಿದಳು. ಆ ಕಪ್ಪು ಕಣ್ಣು ಈ ಬಾರಿ ಅವಳ ಕೈಯಿಂದಲೇ ತೆರೆಯಿತು.

ಆಪರೇಷನ್ ಮುಗಿದು ಮೊಲಕ್ಕೆ ಎಚ್ಚರವಾಯಿತು. ಸ್ವಲ್ಪ ಹೊತ್ತು ತೂರಾಡಿತು, ಮೂಗು ಅದುರಿಸಿತು. ತ್ರಿವೇಣಿ ಊಟಕ್ಕೂ ಹೋಗದೆ ಪಂಜರದ ಮುಂದೆ ಸ್ಟೂಲು ಹಾಕಿಕೊಂಡು ಕೂತಿದ್ದಳು. ಗೂನು ಬೆನ್ನಿಗೆ, ಅರೆಮುಚ್ಚಿದ ಕಣ್ಣಿಗೆ ಕಾಯುತ್ತಿದ್ದಳು. ಮೊಲ ಮುಂಗಾಲಿನಿಂದ ಮುಖ ಒರೆಸಿಕೊಂಡಿತು. ಆಮೇಲೆ ಕೊತ್ತಂಬರಿ ದಂಟೊಂದನ್ನು ಕಚ್ಚಿ ಎಳೆದು ಕರಕರ ಅಗಿಯತೊಡಗಿತು.

ಪ್ರಾಣಿಗಳನ್ನು ನೋಡಿಕೊಳ್ಳುವ ಕಾಡಪ್ಪ ನೀರು ತುಂಬಲು ಬಂದವನು ಅಲ್ಲೇ ನಿಂತ.

“ಇದರ ಹೊಟ್ಟಿ ಖರೇನ ಕೊಯ್ದೀರೇನ್ರಿ ಮೇಡಂ?”

“ಕೊಯ್ದೀವಿ ಕಾಡಪ್ಪ.”

“ಮತ್ತ ಹಿಂಗ ತಿನ್ನಾಕತ್ತೇತಿ?”

ಅವಳು ಪಂಜರದೊಳಗೆ ಕೈಯಿಟ್ಟು ಹೊಲಿಗೆಯ ಪಕ್ಕ ಬೆರಳು ತಾಕಿಸಿದಳು. ಬಿಸಿಯಾದ ಮೆತ್ತನೆಯ ಹೊಟ್ಟೆ ಉಸಿರಿಗೆ ಏರಿಳಿಯುತ್ತಿತ್ತು. ಮೊಲ ಬೆಚ್ಚಲಿಲ್ಲ, ಅಗಿಯುವುದನ್ನೂ ನಿಲ್ಲಿಸಲಿಲ್ಲ.

ಔಷಧಿಯ ಬಲ ಇಳಿಯುವಷ್ಟರಲ್ಲಿ ನೋವಿನ ಇಂಜೆಕ್ಷನ್ ಕೊಡಬೇಕೆಂದು ಕಾಡಪ್ಪನಿಗೆ ಹೇಳಿ, ಅವಳು ಪ್ರಜ್ವಲನನ್ನು ಹುಡುಕಿಕೊಂಡು ಹೊರಟಳು. ಅವನು ಕಾರಿಡಾರಿನಲ್ಲಿ ಚಹಾ ಕುಡಿಯುತ್ತಿದ್ದ.

“ನಾಳಿನ ಮೊಲಕ್ಕ ಎರಡೂ ಕಡೆ ನಾನ ಹಾಕ್ತೀನ್ರಿ,” ಅಂದಳು.