ಅಕ್ಕನ ಎರಡನೆಯ ಡೋಸು

ಅಕ್ಕನಿಗೆ ಅಂಡಾಶಯದ ಕ್ಯಾನ್ಸರ್ ಎಂದು ಗೊತ್ತಾದಾಗ, ತಂಗಿ ಅದೇ ರೋಗದ ಲಸಿಕೆ ತಯಾರಿಸುವ ಪ್ರಯೋಗಾಲಯದಲ್ಲಿ ಒಂಬತ್ತು ವರ್ಷ ಕೆಲಸ ಮಾಡಿದ್ದಳು. ಕ್ಯಾನ್ಸರ್ ಕೋಶದ ಗುರುತನ್ನೇ ಹೋಲುವ ಪ್ರತಿಕಾಯವೊಂದನ್ನು, ಮೈಯೊಳಗೇ ಕರಗಿಹೋಗುವ ಕಣ್ಣಿಗೆ ಕಾಣದಷ್ಟು ಸಣ್ಣ ಗೋಲಿಗಳಲ್ಲಿ ತುಂಬುವುದು ಅವಳ ಕೆಲಸ. ಗೋಲಿಗಳು ತಿಂಗಳುಗಟ್ಟಲೆ ಇಷ್ಟಿಷ್ಟೇ ಕರಗಬೇಕು. ಆಗ ಮೈ ಆ ಗುರುತನ್ನು ಮರೆಯದೆ ರೋಗದ ಮೇಲೆ ಬೀಳುತ್ತದೆ.

ಶಸ್ತ್ರಚಿಕಿತ್ಸೆಯ ನಂತರ ಅಕ್ಕನೂ ಆ ಲಸಿಕೆಯನ್ನು ರೋಗಿಗಳಿಗೆ ಕೊಟ್ಟು ನೋಡುವ ಪ್ರಯೋಗಕ್ಕೆ ಸೇರಿದಳು. ಮೊದಲ ಡೋಸಿಗೆ ರಕ್ತಪರೀಕ್ಷೆಯಲ್ಲಿ ಕ್ಯಾನ್ಸರ್ ತೋರಿಸುವ ಅಂಕಿ ಸ್ವಲ್ಪ ಇಳಿಯಿತು.

"ನಿನ್ನ ಕೈಗುಣ ಕಣೇ," ಎಂದಳು ಅಕ್ಕ.

ಎರಡನೆಯದಕ್ಕೆ ನಾಲ್ಕು ದಿನವಿತ್ತು. ತಂಗಿ ಹೊಸ ಬ್ಯಾಚನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಳು. ಗೋಲಿಗಳ ಮೈತುಂಬ ತೂತು. ಬೆಚ್ಚಗಿನ ಉಪ್ಪುನೀರಿನಲ್ಲಿಟ್ಟು ಮರುದಿನ ಅಳೆದರೆ ಮುಕ್ಕಾಲು ಪಾಲು ಮದ್ದು ಆಗಲೇ ಹೊರಗಿತ್ತು. ಒಂದೇ ಏಟಿಗೆ ಅಷ್ಟು ಸುರಿದರೆ ಪ್ರಯೋಗದ ಹನ್ನೊಂದು ಜನ ರೋಗಿಗಳಲ್ಲಿ ಯಾರಿಗೆ ಏನಾಗುವುದೋ ಹೇಳುವಂತಿರಲಿಲ್ಲ.

ಪ್ರಯೋಗಾಲಯದ ಮುಖ್ಯಸ್ಥೆ ವರದಿಯನ್ನು ಓದಿ ತಲೆಯೆತ್ತಿದರು. "ಹೊಸದು ಮಾಡೋಕೆ ಏಳು ವಾರ ಬೇಕು. ಇದರಲ್ಲಿ ನಿಮ್ಮ ಅಕ್ಕನ ಡೋಸೂ ಇದೆ, ಗೊತ್ತಲ್ಲ?"

"ಗೊತ್ತು ಮೇಡಂ. ಅದಕ್ಕೇ ಎರಡು ಸಲ ಅಳೆದೆ."

ಬ್ಯಾಚನ್ನು ಸುಟ್ಟರು. ಸಂಜೆ ಅವಳೇ ಹೋಗಿ ಅಕ್ಕನಿಗೆ ಹೇಳಿದಳು.

"ಏಳು ವಾರ ತಾನೇ? ಕಾಯ್ತೀನಿ ಬಿಡು. ಈ ಹೊಟ್ಟೆ ಹೊತ್ಕೊಂಡು ಎಲ್ಲಿಗೆ ಓಡಿಹೋಗ್ಲಿ!" ಎಂದು ಅಕ್ಕ ನಕ್ಕಳು. ಹೊಟ್ಟೆಯಲ್ಲಿ ಆಗಲೇ ನೀರು ತುಂಬತೊಡಗಿತ್ತು.

ಐದನೆಯ ವಾರ ಉಸಿರಾಟಕ್ಕೂ ಕಷ್ಟವಾಯಿತು. ವೈದ್ಯರು ಅವಳನ್ನು ಪ್ರಯೋಗದಿಂದ ಕೈಬಿಟ್ಟರು. ಆರನೆಯ ವಾರ, ಒಂದು ಮಧ್ಯಾಹ್ನ, ತಂಗಿ ತುಟಿ ಒದ್ದೆ ಮಾಡುತ್ತಿದ್ದಾಗಲೇ ಅಕ್ಕ ಹೋಗಿಬಿಟ್ಟಳು.

ಎಲ್ಲ ಮುಗಿದ ಮೇಲೆ ಭಾವ ಕೇಳಿದರು: "ನೀನು ಬಾಯಿ ಮುಚ್ಕೊಂಡಿದ್ದಿದ್ರೆ ಬದುಕ್ತಿದ್ಲಾ?"

"ಗೊತ್ತಿಲ್ಲ ಭಾವ."

"ಇಲ್ಲ ಅಂತಾದ್ರೂ ಹೇಳಬಾರ್ದಾ?"

ಹಾಗೆಂದರೆ ಅದು ಸುಳ್ಳಾಗುತ್ತಿತ್ತು.

ಹೊಸ ಬ್ಯಾಚಿನ ಗೋಲಿಗಳು ನುಣ್ಣಗೆ ಬಂದವು. ಉಳಿದ ಹತ್ತು ಜನರಿಗೆ ಕೊಟ್ಟರು. ಮೂರು ತಿಂಗಳ ನಂತರ ನಾಲ್ವರ ರಕ್ತದಲ್ಲಿ ಕ್ಯಾನ್ಸರನ್ನು ಎದುರಿಸುವ ಶಕ್ತಿ ಚೆನ್ನಾಗಿ ಏರಿತ್ತು, ಆರು ಜನರಲ್ಲಿ ಏನೂ ಇಲ್ಲ. ಅಕ್ಕ ಯಾವ ಗುಂಪಿನಲ್ಲಿರುತ್ತಿದ್ದಳು ಎಂದು ಆ ಅಂಕಿಗಳಿಂದ ತಿಳಿಯುವಂತಿರಲಿಲ್ಲ.

ಭಾನುವಾರ ಭಾವನ ಮನೆಗೆ ಹೋದಳು. ಬಾಗಿಲು ತೆಗೆದವರು ಒಳಗೆ ಬಾ ಎನ್ನಲಿಲ್ಲ.

"ನಾಲ್ಕು ಜನಕ್ಕೆ ಕೆಲಸ ಮಾಡ್ತು ಭಾವ."

"ಒಳ್ಳೇದಾಯ್ತು," ಎಂದರು. ಸದ್ದಾಗದಂತೆ ಬಾಗಿಲು ಹಾಕಿಕೊಂಡರು.

ಅವಳು ಮೆಟ್ಟಿಲಿಳಿದು ಬಸ್ ಸ್ಟಾಪಿನತ್ತ ನಡೆದಳು. ಮರುದಿನ ಬೆಳಿಗ್ಗೆ ಮುಂದಿನ ಬ್ಯಾಚು ಶುರು ಮಾಡಬೇಕಿತ್ತು.