ಕೆಂಪು ಚೀಟಿಯ ಗೂಡುಗಳು

ಮರದ ಹೊಟ್ಟಿನ ವಾಸನೆ ಬಂದರೆ ಸಂಶೋಧಕಿಗೆ ಅಪ್ಪನ ಬಡಗಿ ಕೆಲಸದ ಕೊಟ್ಟಿಗೆ ನೆನಪಾಗುತ್ತಿತ್ತು. ಚಿಕ್ಕಂದಿನಲ್ಲಿ ಆ ಹೊಟ್ಟಿನ ರಾಶಿಯ ಮೇಲೆಯೇ ಎಷ್ಟೋ ಮಧ್ಯಾಹ್ನ ನಿದ್ದೆ ಹೋಗಿದ್ದಳು. ಈಗ ಅದೇ ವಾಸನೆ ಪ್ರಯೋಗಾಲಯದ ಇಲಿಕೋಣೆಯಲ್ಲಿ. ಗೂಡುಗಳ ತಳಕ್ಕೆ ಹಾಸುವುದು ಅದನ್ನೇ.

ಮಿದುಳಿನಲ್ಲಿ ಒಸರುವ ಪೆಪ್ಟೈಡ್ ಎಂಬ ಒಂದು ಪುಟ್ಟ ರಾಸಾಯನಿಕ, ಹುಮ್ಮಸ್ಸು ಹುಟ್ಟಿಸುವ ಡೋಪಮಿನ್ ನರಕೋಶಗಳನ್ನು ತಟ್ಟಿ ಎಬ್ಬಿಸುತ್ತದೆ, ಹೊಟ್ಟೆ ಹಸಿದಾಗ ಆ ತಟ್ಟು ಇನ್ನೂ ಜೋರಾಗುತ್ತದೆ ಎನ್ನುವುದು ಅವಳ ವಾದ. ಎರಡು ವರ್ಷ ಇಲಿಗಳ ಮಿದುಳನ್ನು ತೆಳ್ಳಗೆ ಕೊಯ್ದು, ಗಾಜಿನ ಸೂಜಿ ತಾಗಿಸಿ, ಕೋಶಗಳ ಮಿಡಿತ ಎಣಿಸಿದ್ದಳು. ಹಸಿದ ಇಲಿಗೂ ಉಂಡ ಇಲಿಗೂ ಎಳ್ಳಷ್ಟೂ ವ್ಯತ್ಯಾಸ ಕಾಣಲಿಲ್ಲ. ತಿಂಗಳ ಕೊನೆಗೆ ಪ್ರಬಂಧ ಒಪ್ಪಿಸಬೇಕಿತ್ತು.

ಅಂದು ಬೆಳಿಗ್ಗೆ ಎಂದಿಗಿಂತ ಒಂದು ಗಂಟೆ ಮೊದಲೇ ಬಂದಳು. ಇಲಿಗಳನ್ನು ನೋಡಿಕೊಳ್ಳುವ ಮುದುಕರು, ಎಲ್ಲರೂ ತಾತ ಎನ್ನುವವರು, ಕೆಂಪು ಚೀಟಿಯ ಗೂಡಿನೊಳಗೆ ಕಾಳಿನ ಉಂಡೆ ಹಾಕುತ್ತಿದ್ದರು. ರಾತ್ರಿಯಿಡೀ ಉಪವಾಸ ಇರಬೇಕಾದ ಇಲಿಗಳವು.

"ತಾತ, ಏನ್ ಮಾಡ್ತಿದ್ದೀರಿ?"

"ಇವತ್ತು ಹೋಗೋ ಜೀವ ಅಲ್ವೇನಮ್ಮ? ತಿಂದ್ಕೊಂಡಾದ್ರೂ ಹೋಗ್ಲಿ ಅಂತ."

"ಎಷ್ಟು ದಿನದಿಂದ?"

"ನೀವು ಸೇರಿದಾಗಿನಿಂದ. ತಲಾ ಎರಡೇ ಉಂಡೆ. ಮುಖ ನೋಡಿದ್ರೆ ನಿಮಗೂ ಎರಡು ಹಾಕ್ಬೇಕು ಅನ್ಸುತ್ತೆ."

ಅವಳು ನಗಲಿಲ್ಲ. "ಅವು ಹಸಿದಿರಬೇಕಿತ್ತು, ತಾತ. ನನ್ನ ಕೆಲಸವೆಲ್ಲ ಆ ಹಸಿವಿನ ಮೇಲೇ ನಿಂತಿತ್ತು."

ಮುದುಕರ ಕೈ ಗೂಡಿನಲ್ಲೇ ನಿಂತಿತು. "ಕೆಂಪು ಚೀಟಿ ಅಂದ್ರೆ ಸಾಯೋದು ಅಂತ ತಿಳ್ಕೊಂಡಿದ್ದೆ. ಯಾರೂ ಹೇಳ್ಲಿಲ್ವಲ್ಲಮ್ಮ."

ನಿಜವೇ. ಚೀಟಿ ಅಂಟಿಸಿದವಳು ಅವಳೇ. ಎರಡು ವರ್ಷದಲ್ಲಿ ಅವರೊಡನೆ ನಿಂತು ನಾಲ್ಕು ಮಾತಾಡಿದ್ದಿಲ್ಲ.

ತನ್ನ ಮೇಜಿಗೆ ಹೋಗಿ ಮಾರ್ಗದರ್ಶಕಿಗೆ ಫೋನ್ ಮಾಡಿದಳು.

"ಇಲಿಗಳು ಹಸಿದೇ ಇರಲಿಲ್ಲ, ಮೇಡಂ. ನಾನು ನೋಡಿಕೊಳ್ಳಲಿಲ್ಲ. ಎಲ್ಲಾ ಮೊದಲಿಂದ ಮಾಡಬೇಕು."

"ಗೂಡು ನೋಡ್ಕೊಳ್ಳೋರು ಯಾರು?"

"ತಪ್ಪು ನನ್ನದೇ, ಮೇಡಂ."

"ಹಾಗಾದ್ರೆ ಈ ವರ್ಷ ಪ್ರಬಂಧ ಒಪ್ಪಿಸೋ ಆಸೆ ಬಿಡಮ್ಮ."

ಪ್ರಯೋಗದ ದಾಖಲೆ ಪುಸ್ತಕ ತೆಗೆದು 'ಹಸಿದದ್ದು' ಎಂದು ಬರೆದಿದ್ದ ಒಂದೊಂದು ಸಾಲನ್ನೂ ಹೊಡೆದುಹಾಕುತ್ತ ಕುಳಿತಳು. ಊಟವಿಲ್ಲದೆ ಮಧ್ಯಾಹ್ನ ಕಳೆಯಿತು. ಏಳಬೇಕೆಂದು ಒಳಗಿನಿಂದ ಯಾವುದೂ ತಟ್ಟಲಿಲ್ಲ.

ಬಾಗಿಲು ಮೆಲ್ಲಗೆ ಸರಿಯಿತು. ಅದೇ ಹೊಟ್ಟಿನ ವಾಸನೆ. ತಾತ ಒಳಗೆ ಬಂದು, ಪುಸ್ತಕವನ್ನು ತುಸು ಪಕ್ಕಕ್ಕೆ ಸರಿಸಿ, ತಮ್ಮ ಬುತ್ತಿಯನ್ನು ತೆರೆದು ಅವಳ ಕೈಗೆ ಕೊಟ್ಟರು.