ಊರಿಗೊಂದು ಮಾತು, ತಂಗಿಗೊಂದು ಮಾತು

—ಅದು ತನ್ನದೇ ದನಿ, ಧ್ವನಿವರ್ಧಕದ ವ್ಯಾನು ತಿರುವಿನಲ್ಲಿ ಹೊರಳಿದಂತೆ ಒಮ್ಮೆ ದಪ್ಪಗೆ ಒಮ್ಮೆ ತೆಳ್ಳಗೆ, ಸಾರ್ವಜನಿಕರು ಆತಂಕಪಡುವ ಅಗತ್ಯವಿಲ್ಲ, ನಲ್ಲಿ ನೀರು ಸುರಕ್ಷಿತವಾಗಿದೆ, ಅವಳು ಕಚೇರಿಯ ಕಿಟಕಿ ಮುಚ್ಚಿದಳು, ಗಾಜು ದಾಟಿಯೂ ಬಂತು, ಎಷ್ಟು ಸ್ಪಷ್ಟ ಉಚ್ಚಾರ, ಈ ದನಿಗೇ ಅಲ್ಲವೆ ನಗರಸಭೆಯವರು ಅವಳನ್ನು ಪ್ರಚಾರ ವಿಭಾಗಕ್ಕೆ ಸೇರಿಸಿಕೊಂಡದ್ದು, ಆಗ ಉದ್ದ ಜಡೆ, ಈಗ ಜಡೆಯೂ ಇಲ್ಲ ಕಪ್ಪೂ ಇಲ್ಲ, ದನಿಗೆ ಮಾತ್ರ ಮುಪ್ಪು ಬಂದಿಲ್ಲ, ರಸ್ತೆ ಅಗೆದರೆ ಅವಳು, ಕಸದ ಗಾಡಿ ತಪ್ಪಿದರೆ ಅವಳು, ನಿಮ್ಮನೆಯವರ ದನಿ ಕೇಳಿದ್ರೆ ನಂಗೆ ತೆರಿಗೆ ನೆನಪಾಗುತ್ತೆ ಅಂದನಂತೆ ಕ್ಷೌರದವನು, ಗಂಡ ಅರ್ಧ ಗಡ್ಡದಲ್ಲೇ ನಕ್ಕು ಕೆನ್ನೆ ಕೊಯ್ಯಿಸಿಕೊಂಡು ಬಂದಿದ್ದ — ಆ ನಗು ಈಗ ಎಲ್ಲಿಂದ ಬರಬೇಕು, ನಿನ್ನೆ ಮಧ್ಯಾಹ್ನ ನೀರಿನ ಇಂಜಿನಿಯರ್ ಬಾಗಿಲಲ್ಲೇ ನಿಂತು, ಮೇಡಂ, ಹೊಸ ಬಡಾವಣೆ ಪೈಪಿಗೆ ಚರಂಡಿ ನೀರು ಸೇರಿರೋ ಹಾಗಿದೆ, ಪರೀಕ್ಷೆಗೆ ಕಳಿಸಿದೀನಿ, ಸಾಹೇಬ್ರಿಗೂ ಹೇಳಿದೀನಿ, ಕಮಿಷನರ್ ಸಾಹೇಬರು ಕನ್ನಡಕ ಒರೆಸುತ್ತಾರೆ, ಒರೆಸುತ್ತಲೇ ಇದ್ದಾರೆ, ಫಲಿತಾಂಶ ಬರೋವರೆಗೂ ನೀರು ಚೆನ್ನಾಗೇ ಇದೆ, ಜನ ಗಾಬರಿಬಿದ್ರೆ ನಾವಿಬ್ರೂ ಮನೇಲಿ ಕೂರ್ಬೇಕಾಗುತ್ತೆ, ಅನುಭವಸ್ಥರು ನೀವು, ಹೇಗೆ ಹೇಳ್ಬೇಕೋ ಹಾಗೆ ಹೇಳಿ, ಹೇಳಿದಳು, ಮೈಕಿನ ಮುಂದೆ, ಒಂದೇ ಸಲಕ್ಕೆ, ತಡವರಿಸದೆ, ಆಮೇಲೆ ಮೆಟ್ಟಿಲಿಳಿಯುತ್ತ ಫೋನು, ಆ ಬಡಾವಣೆಯಲ್ಲೇ ಇರುವ ತಂಗಿಗೆ, ನಲ್ಲಿ ನೀರು ಮುಟ್ಟಬೇಡ ಕಣೇ, ಮಗೂಗಂತೂ ಕೊಡ್ಲೇಬೇಡ, ಯಾಕೆ ಅಂತ ಕೇಳ್ಬೇಡ, ಯಾರಿಗೂ ಹೇಳ್ಬೇಡ, ಮನೆಗೆ ಹೋಗಿ ಉಂಡಳು, ಮಲಗಿದಳು, ನಿದ್ದೆಯೂ ಬಂತಲ್ಲ, ಥೂ, ನಿದ್ದೆಯೂ ಬಂತು.

ಈಗ ತಾನೆ ಇಟ್ಟ ಫೋನು ಮೇಜಿನ ಮೇಲೆ ಇನ್ನೂ ಬಿಸಿಯಾಗಿದೆ, ತಂಗಿ ಅಳಲಿಲ್ಲ, ಬೈಯಲೂ ಇಲ್ಲ, ಬೈದಿದ್ದರೆ ಒಳ್ಳೆಯದಿತ್ತು, ಅಕ್ಕಾ, ಪಕ್ಕದ್ಮನೆ ಅಜ್ಜೀನ ಬೆಳಿಗ್ಗೆ ಆಸ್ಪತ್ರೆಗೆ ಸೇರಿಸಿದ್ರು, ವಾಂತಿ ನಿಲ್ತಾನೇ ಇಲ್ವಂತೆ, ನಿನ್ನೆ ಲೋಟ ಹಿಡ್ಕೊಂಡು ನಮ್ಮ ಬಾಗ್ಲಿಗೇ ಬಂದಿದ್ರು, ನೀರು ವಾಸನೆ ಬರ್ತಿದೆಯಲ್ಲ, ಕುಡೀಬಹುದಾ ಅಂತ, ಯಾರಿಗೂ ಹೇಳ್ಬೇಡ ಅಂದಿದ್ಯಲ್ಲ, ನಾನು ಸುಮ್ನಿದ್ದೆ, ಅಷ್ಟರಲ್ಲಿ ನಿನ್ನ ವ್ಯಾನ್ ಬಂತು, ನಿಮ್ಮಕ್ಕನೇ ಹೇಳ್ತಿದಾಳಲ್ಲ ಬಿಡು ಅಂತ ಅಲ್ಲೇ ನಿಂತು ಕುಡಿದ್ರು — ಅಲ್ಲೇ ನಿಂತು, ಲೋಟ ಎತ್ತಿ, ಆ ಅಜ್ಜಿಯನ್ನು ಅವಳೂ ಬಲ್ಲಳು, ತಂಗಿಯ ಬಾಣಂತನದಲ್ಲಿ ಮಗುವಿಗೆ ನೀರು ಹಾಕಿದವರು, ನಿನ್ನ ದನಿ ಕೇಳಿದ್ರೆ ಗಡಿಯಾರ ನೋಡಿದ ಹಾಗೆ ಕಣಮ್ಮಾ ಅಂದಿದ್ದರು — ಎದ್ದಳು, ಯಾವಾಗ ಎದ್ದಳೋ, ಕಾರಿಡಾರು, ಜಾರುವ ನೆಲ, ರೆಕಾರ್ಡಿಂಗ್ ಕೋಣೆಯ ಮುಗ್ಗಲು ವಾಸನೆ, ಧ್ವನಿಮುದ್ರಣದವನು ಕೇಳುತ್ತಿದ್ದಾನೆ, ಸಾಹೇಬ್ರು ಒಪ್ಪಿದಾರಾ ಮೇಡಂ, ಫಲಿತಾಂಶ ಬಂತಾ, ಎರಡೂ ಇಲ್ಲಪ್ಪ, ದನಿ ನಂದು ತಾನೆ, ಕೇಳಿದ್ರೆ ನಾನೇ ಬಲವಂತ ಮಾಡಿದೆ ಅನ್ನು, ಹಾಕು, ಅವನು ಹಾಕಿದ, ಕೆಂಪು ದೀಪ, ಹೊಸ ಬಡಾವಣೆಯವರೇ, ನಲ್ಲಿ ನೀರು ಕುಡಿಯಬೇಡಿ, ಕಾಯಿಸಿಯೂ ಕುಡಿಯಬೇಡಿ, ನಿನ್ನೆ ನಾನು ಹೇಳಿದ್ದು ಸುಳ್ಳು — ಅಲ್ಲಿ ದನಿ ಒಡೆಯಿತು, ಇನ್ನೊಂದ್ಸಲ ಹೇಳ್ತೀರಾ, ಬೇಡ, ಹಾಗೇ ಇರ್ಲಿ, ಒಡೆದದ್ದೇ ಹೋಗಲಿ, ವ್ಯಾನು ಹೊರಟಿತು, ಗೇಟು ದಾಟಿತು, ಮಾತು ಆಡಿದರೆ ಹೋಯಿತು ಅನ್ನುತ್ತಾರೆ, ಹೋಗಲಿ, ನಿನ್ನೆಯದಕ್ಕಿಂತ ಬೇಗ ಹೋಗಲಿ, ತನ್ನ ಕೋಣೆಗೆ ಮರಳಿದರೆ ಕಮಿಷನರ್ ಕರೆ, ಮೇಜಿನ ಮೇಲೆ ಫೋನು ಗುರ್‍ಗುಟ್ಟಿ ಜರುಗುತ್ತಿದೆ, ಎತ್ತಬೇಕು, ಎತ್ತುತ್ತೇನೆ, ಎತ್ತಿ ಏನನ್ನುವುದು, ನಾಳೆ ಈ ಕುರ್ಚಿಯಲ್ಲಿ ಇನ್ಯಾರೋ, ಇನ್ಯಾವುದೋ ಸ್ಪಷ್ಟ ಉಚ್ಚಾರ, ಇರಲಿ, ಮೊದಲು ಆಸ್ಪತ್ರೆಗೆ, ಹೋಗಿ ಮಂಚದ ಪಕ್ಕ ನಿಂತು ಏನು ಹೇಳುವುದು, ಬಾಯಿ ತೆರೆದರೆ ಇದೇ ದನಿಯಲ್ಲವೆ, ಕಣ್ಣು ಮುಚ್ಚಿದ್ದರೂ ಗುರುತು ಹಿಡಿಯುತ್ತಾರೆ, ತಂಗಿಯ ಹೊಸ್ತಿಲ ಮುಂದೆ ಅಜ್ಜಿ, ಕಿವಿ ಬೀದಿಯತ್ತ, ಮುಖದಲ್ಲಿ ಅನುಮಾನ ಇಳಿಯುತ್ತಿದೆ, ಲೋಟ ಮೇಲೇರುತ್ತಿದೆ, ಬೇಡ ಅನ್ನಬೇಕು, ತುಟಿಯ ಹತ್ತಿರ ಲೋಟ, ಬೇಡ, ಲೋಟ, ತುಟಿಗೆ ತಾಗುವ ಲೋಟ—